ನಿಂತ ಕಬ್ಬಿಣದ ಬಣ್ಣ

ನಮ್ಮ ಅಳಿಯನಿಗೆ ಒಂದು ಹುಚ್ಚಿದೆ. ಮನೆ ಹಾಳು ಮಾಡುವಂಥ ಹುಚ್ಚಲ್ಲ ಬಿಡಿ. ಪ್ಲಾಸ್ಟಿಕ್ಕಿನ ಚೂರುಗಳನ್ನು ಅಂಟಿಸಿ ವಿಮಾನ, ಹಡಗು, ಟ್ಯಾಂಕು ಮಾಡಿ ಬಣ್ಣ ಹಚ್ಚುವ ಹುಚ್ಚು. ವಾರವೆಲ್ಲ ಬೆಳಗಾವಿಯ ಬ್ಯಾಂಕಿನಲ್ಲಿ ಕೂತು, ರವಿವಾರ ನನ್ನ ಮಗಳನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಬಂದನೆಂದರೆ, ಊಟವಾದ ಮೇಲೆ ಪಡಸಾಲೆಯಲ್ಲಿ ಪೇಪರು ಹಾಸಿ ಸಣ್ಣ ಸಣ್ಣ ಬಾಟಲಿಗಳನ್ನು ಹರಡಿಕೊಳ್ಳುತ್ತಾನೆ. ಥಿನ್ನರಿನ ವಾಸನೆ ಮನೆ ತುಂಬುತ್ತದೆ. ಜೀವಮಾನವೆಲ್ಲ ಡ್ರಾಯಿಂಗ್ ಮಾಸ್ತರಿಕೆ ಮಾಡಿದ ನನಗೆ ಆ ವಾಸನೆ ಮೂಗಿಗೆ ಬಿದ್ದಮೇಲೆ ಸುಮ್ಮನೆ ಕೂರಲಾಗುವುದಿಲ್ಲ. ಕರೆಯದಿದ್ದರೂ ಹೋಗಿ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತೇನೆ. ನೌಕರಿಯಿಂದ ನಿವೃತ್ತಿ ಸಿಕ್ಕರೂ ಈ ಚಟಕ್ಕೆ ನಿವೃತ್ತಿ ಇಲ್ಲ.

ಕಳೆದ ತಿಂಗಳ ಒಂದು ರವಿವಾರ ಅವನು ಅಂಗೈಯಗಲದ ಟ್ಯಾಂಕೊಂದನ್ನು ಮಾಡಿ ಮುಗಿಸಿ, ಅದರ ಗಾಲಿಗಳನ್ನು ಸುತ್ತುವ ಕಬ್ಬಿಣದ ಪಟ್ಟಾಕ್ಕೆ ಕರಿ ಬಣ್ಣ ಬಳಿಯುತ್ತಿದ್ದ. ಆ ಬಣ್ಣ ತಪ್ಪು ಎಂದೆ. ಅವನು ಮರ್ಯಾದಸ್ಥ ಹುಡುಗ. ನಗದೆ, ಮಾಮಾ ನೀವು ಟ್ಯಾಂಕ್ ಎಲ್ಲಿ ನೋಡೀರಿ ಎಂದು ಕೇಳಿದ. ಟ್ಯಾಂಕು ನೋಡಿಲ್ಲ, ಅದರ ಪಟ್ಟಾದ ಒಂದೇ ಒಂದು ಕೊಂಡಿ ನೋಡಿದ್ದೇನೆ ಎಂದೆ. ಹೊಸದಿದ್ದಾಗ ಕರಿ ಇರುತ್ತದೆ, ಓಡತೊಡಗಿದ ಮೇಲೆ ಕರಿ ಉಳಿಯುವುದಿಲ್ಲ. ನೆಲಕ್ಕೆ ತಾಗುವ ಮೈ ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತದೆ. ತಾಗದ ಪಕ್ಕಗಳು ತುಕ್ಕು ಹಿಡಿದು ಹಳೇ ಬೆಲ್ಲದ ಬಣ್ಣಕ್ಕೆ ಬರುತ್ತವೆ. ನಡುವಿನ ತಗ್ಗುಗಳಲ್ಲಿ ಯಾವ ನೆಲದ ಮೇಲೆ ಓಡಿದೆಯೋ ಆ ನೆಲದ ಧೂಳು ಕೂತಿರುತ್ತದೆ. ಇಷ್ಟನ್ನು ಅವನಿಗೆ ಹೇಳಿದೆ, ಅವನು ಬೆಳ್ಳಿ ಬಣ್ಣದ ಬಾಟಲಿಯ ಮುಚ್ಚಳ ತೆಗೆದ. ಉಳಿದದ್ದನ್ನು ಹೇಳಲಿಲ್ಲ, ಯಾಕೆಂದರೆ ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಇದ್ದಳು. ಅದನ್ನು ನಿಮಗೆ ಹೇಳುತ್ತೇನೆ.

ಆ ಕೊಂಡಿ ಇದ್ದದ್ದು ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ. ಯರಗಟ್ಟಿ ದಾಟಿ ಕ್ರಾಸಿನಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕು. ತೊಂಬತ್ತರ ದಶಕದ ನಡುವಿನಲ್ಲಿ ನನಗೆ ಅಲ್ಲಿನ ಹೈಸ್ಕೂಲಿಗೆ ವರ್ಗವಾಯಿತು. ಆಗ ನನಗೆ ಮೂವತ್ತು ದಾಟಿತ್ತು, ತಲೆಯ ಮೇಲೆ ಕೂದಲು ಕಡಿಮೆಯಾಗಿತ್ತು, ಮದುವೆ ಮಾತ್ರ ಆಗಿರಲಿಲ್ಲ. ಗಣಿತದ ಮಾಸ್ತರನಿಗೆ ಹೆಣ್ಣು ಕೊಡುತ್ತಿದ್ದರು, ಇಂಗ್ಲಿಷ್ ಮಾಸ್ತರನಿಗೆ ಕೊಡುತ್ತಿದ್ದರು. ಹುಡುಗರಿಂದ ಮಾವಿನಕಾಯಿ ಚಿತ್ರ ಬರೆಸುವವನಿಗೆ ಯಾರು ಕೊಡುತ್ತಾರೆ ಹೇಳಿ. ಗೌರವ್ವ ಎಂಬ ಮುದುಕಿಯ ಮನೆಯಲ್ಲಿ ಪಡಸಾಲೆಗೆ ಹೊಂದಿದ ಖೋಲಿಯೊಂದು ಬಾಡಿಗೆಗೆ ಸಿಕ್ಕಿತು. ಗೌರವ್ವನಿಗೆ ಗಂಡ ಇರಲಿಲ್ಲ. ಕಿರಿಯ ಮಗ ಹೊಲ ನೋಡಿಕೊಳ್ಳುತ್ತಿದ್ದ. ಹಿರಿಯ ಮಗ ಮಲ್ಲಪ್ಪ ಮಿಲಿಟರಿಯಲ್ಲಿ ಟ್ಯಾಂಕಿನ ಡ್ರೈವರು. ಮಲ್ಲಪ್ಪನ ಹೆಂಡತಿ ನೀಲವ್ವ ಅತ್ತೆಯ ಜೊತೆಗಿದ್ದಳು, ಮಕ್ಕಳಿರಲಿಲ್ಲ.

ಮಲ್ಲಪ್ಪನನ್ನು ನಾನು ನೋಡಿದವನಲ್ಲ. ನಾನು ಹೋಗುವ ಎರಡು ಮೂರು ವರ್ಷ ಮೊದಲೇ ಅವನು ಕಾಣೆಯಾಗಿದ್ದ. ರಾಜಸ್ಥಾನದ ಮರಳುಗಾಡಿನಿಂದ ರಜೆಯ ಮೇಲೆ ಹೊರಟವನನ್ನು ಗೆಳೆಯನೊಬ್ಬ ರೈಲು ಹತ್ತಿಸಿ ಕೈ ಬೀಸಿದ್ದನಂತೆ. ಧಾರವಾಡದಲ್ಲಿ ಇಳಿಯಲಿಲ್ಲ, ಹುಬ್ಬಳ್ಳಿಯಲ್ಲೂ ಇಳಿಯಲಿಲ್ಲ. ಪೋಲೀಸರು ಹುಡುಕಿದರು, ಮಿಲಿಟರಿಯವರು ಬಂದು ಕೇಳಿಕೊಂಡು ಹೋದರು, ಅವನ ತಮ್ಮ ಫೋಟೋ ಹಿಡಿದು ರೈಲಿನ ದಾರಿಯುದ್ದಕ್ಕೂ ತಿರುಗಿ ಬಂದ. ಯುದ್ಧದಲ್ಲಿ ಸತ್ತರೆ ಊರು ಹೂವಿನ ಹಾರ ಹಾಕುತ್ತದೆ, ಓಡಿಹೋದರೆ ಬೈಯುತ್ತದೆ. ಇವನಿಗೆ ಏನು ಮಾಡಬೇಕೆಂದು ಊರಿಗೆ ತಿಳಿಯಲಿಲ್ಲ. ನೀಲವ್ವನ ಕುಂಕುಮ, ಬಳೆ ಹಾಗೇ ಇದ್ದವು.

ಅದಕ್ಕೂ ಮೊದಲಿನ ಒಂದು ರಜೆಯಲ್ಲಿ ಅವನು ಆ ಕೊಂಡಿ ತಂದಿದ್ದ. ಸವೆದು ತೆಗೆದುಹಾಕಿದ ಪಟ್ಟಾದ ತುಂಡು. ಮೊಳದುದ್ದ, ಒಬ್ಬರು ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದನ್ನು ಹೇಗೆ ಅಷ್ಟು ದೂರ ಹೊತ್ತು ತಂದನೋ, ಶಿವನೇ ಬಲ್ಲ. ಹೊಲದಲ್ಲಿ ಕುಂಟೆ ಹೊಡೆಯುವಾಗ ಭಾರಕ್ಕೆ ಕಲ್ಲು ಹೇರುವ ಬದಲು ಇದನ್ನು ಹೇರಿ ಎಂದನಂತೆ. ಗೌರವ್ವ ಒಪ್ಪಲಿಲ್ಲ. ಮಗನಿಗೆ ಅನ್ನ ಕೊಟ್ಟ ಕಬ್ಬಿಣ ಕಾಲ ಕೆಳಗೆ ಹೋಗಬಾರದೆಂದು ತೊಳೆದು, ವಿಭೂತಿ ಹಚ್ಚಿ ಮನೆಯೊಳಗಿನ ದೇವರ ಜಗಲಿಯ ಮೇಲೆ ಇಟ್ಟಳು. ಮಗ ನಕ್ಕ, ಆಮೇಲೆ ತಾಯಿಗೆ ಅದರ ಬಣ್ಣಗಳನ್ನು ತೋರಿಸಿ ಹೇಳಿದ. ಎಂಟು ದಿನ ಗಾಡಿ ನಿಂತಿತೆಂದರೆ ಹೊಳೆಯುವ ಮೈಗೆ ತುಕ್ಕು ಬರುತ್ತದೆ, ನಮ್ಮ ಸಾಹೇಬರು ಪಟ್ಟಾ ನೋಡಿಯೇ ಯಾರು ಗಾಡಿ ಓಡಿಸಿದ್ದಾರೆ, ಯಾರು ಮಲಗಿದ್ದಾರೆ ಹೇಳುತ್ತಾರೆ ಎಂದ.

ಆ ಮಾತು ಗೌರವ್ವನಿಗೆ ಹೊಸದೇನಲ್ಲ. ಎರೆ ಹೊಲದ ಸೀಮೆಯಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದಾಗ ಹಿರಿಯರೊಬ್ಬರು ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ ನೇಗಿಲಿನ ಕುಳ ನೋಡಿ ಬರುತ್ತಿದ್ದರು. ಕುಳ ಹೊಳೆಯುತ್ತಿದ್ದರೆ ಉಳುವ ಮನೆ, ಕಂದಿದ್ದರೆ ಬರೀ ಮಾತಿನ ಮನೆ. ಗೌರವ್ವನ ಅಪ್ಪನೂ ಹಾಗೆ ನೋಡಿಯೇ ಅವಳನ್ನು ಈ ಮನೆಗೆ ಕೊಟ್ಟಿದ್ದ. ನನ್ನ ಭಾವೀ ಮಾವಂದಿರು ಯಾರಾದರೂ ನನ್ನ ಬಣ್ಣದ ಕುಂಚಗಳನ್ನು ನೋಡಿದ್ದರೆ ಏನೆನ್ನುತ್ತಿದ್ದರೋ ಗೊತ್ತಿಲ್ಲ.

ಇನ್ನು ನನ್ನ ಸಂಗತಿ. ನೀಲವ್ವನಿಗೆ ಬಣ್ಣದ ಕಣ್ಣಿತ್ತು. ಒಂದು ಸಂಜೆ ನಾನು ಪಡಸಾಲೆಯಲ್ಲಿ ಜೋಳದ ಹೊಲದ ಚಿತ್ರ ಬರೆಯುತ್ತಿದ್ದಾಗ ಹಿಂದಿನಿಂದ ನೋಡಿ, ಜೋಳದ ಎಲೆಯ ಹಸಿರಿನಲ್ಲಿ ಸ್ವಲ್ಪ ನೀಲಿ ಇರುತ್ತದೆ, ನಿಮ್ಮದು ಹುಲ್ಲಾಗಿದೆ ಎಂದಳು. ಹೊರಗೆ ಹೋಗಿ ನೋಡಿದೆ, ನಿಜವಾಗಿತ್ತು. ಅಂದಿನಿಂದ ಮನಸ್ಸು ಆ ಕಡೆ ವಾಲಿತು, ಮುಚ್ಚಿಡುವುದೇನು. ಅವಳಿಗೂ ಗೊತ್ತಾಯಿತು. ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬು ಬೆಳೆದುಕೊಂಡಿದ್ದ ಅವಳ ಅಣ್ಣನಿಗೂ ಗೊತ್ತಾಗಿ, ಅವನು ಬಂದು ಗೌರವ್ವನ ಮುಂದೆ ಕೂತು, ನಮ್ಮಲ್ಲಿ ಗಂಡ ಇಲ್ಲದಾಕೆಗೆ ಮತ್ತೆ ಸೀರೆ ಉಡಿಸುವ ಉಡಕಿ ಮದುವೆ ಇಲ್ಲದ್ದಲ್ಲ, ಮಾಸ್ತರ ನಮ್ಮವರೇ, ಎಷ್ಟಂತ ಕಾಯೋದು ಎಂದು ಕೇಳಿದ. ನಾನು ಖೋಲಿಯಲ್ಲಿ ಬಾಗಿಲ ಸಂದಿಯಿಂದ ನೋಡುತ್ತ ಕೂತಿದ್ದೆ. ಗೌರವ್ವ ಜಗಲಿಯ ಕಡೆ ಕೈ ತೋರಿಸಿದಳು.

“ಆ ಕಬ್ಬಣಕ್ಕ ಪೂರಾ ತುಕ್ಕ ಹತ್ತಲಿ. ಅವತ್ತ ನಾನಽ ಈಕಿಗೆ ಉಡಕಿ ಸೀರಿ ಉಡಸತೇನಿ.”

ಎಲ್ಲರಿಗೂ ನ್ಯಾಯವೆನ್ನಿಸಿತು. ಸಂಪ್ರದಾಯವೂ ಉಳಿದಂತಾಯಿತು, ಹೆಣ್ಣುಮಗಳ ಬಾಳೂ ಉಳಿದಂತಾಯಿತು. ನಾನಂತೂ ಮನಸ್ಸಿನಲ್ಲೇ ನಕ್ಕೆ. ಮಳೆಗಾಲ ಹತ್ತಿರ ಬಂದಿತ್ತು, ನಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೇ ವಾರದಲ್ಲಿ ತುಕ್ಕು ಬರುವ ಊರು ಅದು. ಇನ್ನೇನು ಶ್ರಾವಣಕ್ಕೆ ಮದುವೆ ಎಂದುಕೊಂಡೆ.

ಶ್ರಾವಣ ಬಂತು, ಹೋಯಿತು. ಮೊದಲೇ ತುಕ್ಕು ಹಿಡಿದಿದ್ದ ಕೊಂಡಿಯ ಪಕ್ಕಗಳು ಇನ್ನೂ ಕಂದಿ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿದವು. ನೆಲಕ್ಕೆ ತಾಗುವ ಮೈಗೆ ಮಾತ್ರ ಏನೂ ಆಗಲಿಲ್ಲ. ನಿನ್ನೆ ತಾನೇ ಓಡಿ ಬಂದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಮೊದಲು ನೀಲವ್ವನ ಅಣ್ಣ ಅನುಮಾನಪಟ್ಟು, ಮುದುಕಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆಂದ. ನಾನು ಹತ್ತಿರದಿಂದ ನೋಡಿದೆ. ತಿಕ್ಕಿದ ಕಬ್ಬಿಣ ನನಗೆ ಗೊತ್ತು. ತಿಕ್ಕಿದ್ದು ಮೂಲೆಗಳಲ್ಲೂ ಬೆಳಗಿರುತ್ತದೆ. ಇದರಲ್ಲಿ ಎತ್ತರದ ಪಟ್ಟಿಗಳು ಮಾತ್ರ ಹೊಳೆಯುತ್ತಿದ್ದವು, ಅವುಗಳ ಮೇಲೆ ಉದ್ದುದ್ದಕ್ಕೆ ಒಂದೇ ದಿಕ್ಕಿನ ಸಣ್ಣ ಗೀರುಗಳಿದ್ದವು. ಅದು ನೆಲದ ಮೇಲೆ ಓಡಿ ಸವೆದ ಹೊಳಪು. ದೇವರ ಜಗಲಿಯ ಮೇಲೆ ಕೂತ ಕಬ್ಬಿಣಕ್ಕೆ ಆ ಹೊಳಪು ಎಲ್ಲಿಂದ ಬರಬೇಕು?

ಧೂಳಿನ ವಿಷಯ ಮೊದಲು ಕಂಡದ್ದು ನೀಲವ್ವನಿಗೆ. ಆ ಮನೆಯೊಳಗಿನ ಧೂಳು ಎರೆಮಣ್ಣಿನದು, ಒಲೆಯ ಹೊಗೆ ಸೇರಿ ಇನ್ನೂ ಕಪ್ಪು. ಒಂದು ಬೆಳಿಗ್ಗೆ ಜಗಲಿ ಒರೆಸುತ್ತಿದ್ದವಳು ನನ್ನನ್ನು ಕರೆದಳು. ಕೊಂಡಿಯ ತಗ್ಗುಗಳನ್ನು ತೋರಿಸಿ, ಅತ್ತೆಗೆ ಕೇಳಿಸದ ಹಾಗೆ ಹೇಳಿದಳು.

“ಮೊನ್ನೆ ಇದರಾಗ ಕೆಂಪ ಮಣ್ಣ ಇತ್ತರಿ ಮಾಸ್ತರ. ಇವತ್ತ ಬಿಳೇದ ಐತಿ. ಇದು ಎಲ್ಲೋ ಹೋಗಿ ಬರಾಕ ಹತ್ತೈತಿ.”

ನಾನು ಬೆರಳಿನಿಂದ ತೆಗೆದು ನೋಡಿದೆ. ಹಿಟ್ಟಿನಂಥ ಬಿಳಿ ಮಣ್ಣು. ನವಿಲುತೀರ್ಥದಿಂದ ಬರುವ ಕಾಲುವೆಯ ದಂಡೆಯಲ್ಲಿ ಅಂಥದ್ದು ಇರುತ್ತದೆ. ಅದರ ಕೆಳಗೆ, ಒತ್ತಿ ಕೂತಂತೆ, ಕ್ರಾಸಿನ ರಸ್ತೆಗೆ ಹಾಕುವ ಗರಸಿನ ಕೆಂಪು. ಅದಕ್ಕೂ ಕೆಳಗೆ ಎರೆ. ಒಂದರ ಮೇಲೊಂದು ಮೂರು ನೆಲದ ಬಣ್ಣ. ನಾನು ವಿಚಾರವಂತನೆಂದು ಊರಲ್ಲಿ ಹೆಸರು; ದೆವ್ವದ ಮಾತೆತ್ತಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವ. ಆ ಬೆಳಿಗ್ಗೆ ಮಾತ್ರ ಬೆರಳನ್ನು ಪಂಚೆಗೆ ಒರೆಸಿಕೊಳ್ಳಲು ಹೆದರಿ, ಬಾವಿಯ ಹತ್ತಿರ ಹೋಗಿ ತೊಳೆದುಕೊಂಡು ಬಂದೆ.

ನೀಲವ್ವ ಅಂದಿನಿಂದ ಜಗಲಿಯ ಮುಂದೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ಅವಳ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಗಂಡ ಸತ್ತಿದ್ದರೆ ಅಳಬಹುದಿತ್ತು, ಬದುಕಿದ್ದರೆ ಕಾಯಬಹುದಿತ್ತು. ಈಗ ಅವನು ಎರಡೂ ಅಲ್ಲದೆ, ಮನೆಯೊಳಗಿನಿಂದಲೇ ಎದ್ದು ಹೋಗಿ ಬರುತ್ತಿದ್ದಾನೆ. ಅಂಥವನ ಹೆಂಡತಿ ಇನ್ನೊಬ್ಬನಿಗೆ ಬುತ್ತಿ ಕಟ್ಟುವುದು ಹೇಗೆ? ನನ್ನ ಜೊತೆ ಮಾತು ಕಡಿಮೆ ಮಾಡಿದಳು. ನನಗೆ ಹೇಳಿಕೊಳ್ಳಲು ಜನ ಇಲ್ಲ. ಕಣ್ಣಿಗೆ ಕಾಣದ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕಿಂತ ಹೀನಾಯ ಇನ್ನೊಂದಿಲ್ಲ.

ಬೇಸಿಗೆ ಬಂದಾಗ ಊರಲ್ಲೂ ಸುದ್ದಿ ಹಬ್ಬಿತು. ಮಟಮಟ ಮಧ್ಯಾಹ್ನ ಓಣಿಯ ಧೂಳಿನಲ್ಲಿ ಒಂದು ಗುರುತು ಮೂಡುತ್ತದೆ ಎಂದು ಜನ ಹೇಳತೊಡಗಿದರು. ನಾನೂ ನೋಡಿದೆ. ಮೊಳದಗಲದ ಪಟ್ಟಿ, ಅದರಲ್ಲಿ ಉದ್ದಕ್ಕೆ ಗೆರೆಗಳು, ಊರ ಹೊರಗೆ ಹೋಗುತ್ತಿತ್ತು. ಗಾಡಿಯದಾದರೆ ಎರಡಿರಬೇಕು, ಎತ್ತಿನ ಗೊರಸಿರಬೇಕು. ಮನುಷ್ಯರು ಏನಾದರೂ ಎಳೆದಿದ್ದರೆ ಹೆಜ್ಜೆಯಾದರೂ ಇರಬೇಕು. ಒಂದೂ ಇರಲಿಲ್ಲ. ನಡೆಯುವವರಿಲ್ಲದೆ ನಡೆದುಹೋದ ಗುರುತು. ಮಲ್ಲಪ್ಪ ಗಾಡಿ ತಗೊಂಡು ಬಂದಿದ್ದಾನೆ ಎಂದರು ಕೆಲವರು. ಹನ್ನೆರಡು ಹೊಡೆದ ಮೇಲೆ ಓಣಿಯಲ್ಲಿ ಒಂದು ನರಪಿಳ್ಳೆಯೂ ಕಾಣದಂತಾಯಿತು.

ಒಂದು ರವಿವಾರ ಸಂತೆ ಮುಗಿಸಿ ಕ್ರಾಸಿನಲ್ಲಿ ಬಸ್ಸಿಳಿದಾಗ ನೆತ್ತಿಯ ಮೇಲೆ ಬಿಸಿಲು. ಊರ ಕಡೆ ನಡೆಯುತ್ತಿದ್ದಂತೆ ಎದುರಿಗೆ ಆ ಗುರುತು ಕಂಡಿತು. ರಸ್ತೆ ಬಿಟ್ಟು ಕಾಲುವೆಯ ಕಡೆ ತಿರುಗಿತ್ತು, ಇನ್ನೂ ಹಸಿಯಾಗಿತ್ತು, ಅಂಚಿನ ಧೂಳು ಜಾರುತ್ತಿತ್ತು. ಹಿಂದಕ್ಕೆ ಓಡಬೇಕೆನ್ನಿಸಿತು. ಆದರೆ ನೋಡಿ, ಗಾಬರಿಗಿಂತ ಸಿಟ್ಟು ಹೆಚ್ಚಾಗಿತ್ತು. ಇವತ್ತು ಅವನೋ ನಾನೋ ಎಂದುಕೊಂಡು, ಬದನೆಕಾಯಿಯ ಚೀಲ ಹೆಗಲಿಗೇರಿಸಿ, ಬಾಯಲ್ಲಿ ಶಿವನಾಮ ಹೇಳುತ್ತ ಅದರ ಬೆನ್ನು ಹಿಡಿದೆ. ಸ್ವಲ್ಪ ದೂರದಲ್ಲಿ ಕಬ್ಬಿಣ ಕಲ್ಲಿಗೆ ಉಜ್ಜುವ ಸಪ್ಪಳ ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಜಾಲಿ ಗಿಡಗಳ ತಿರುವು ದಾಟಿದೆ.

ಗೌರವ್ವ ಎಳೆಯುತ್ತಿದ್ದಳು. ಸೊಂಟಕ್ಕೆ ಎತ್ತಿನ ಹಗ್ಗ ಬಿಗಿದುಕೊಂಡಿದ್ದಳು, ಹಗ್ಗದ ತುದಿಗೆ ಕೊಂಡಿ. ಮುಂದೆ ಬಾಗಿ ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು, ಹಿಂದೆ ಬರುವ ಕಬ್ಬಿಣ ಅವಳ ಹೆಜ್ಜೆಗಳನ್ನು ಅಳಿಸಿಕೊಂಡು ಬರುತ್ತಿತ್ತು. ಸೊಸೆ, ಮಗ ಹೊಲಕ್ಕೆ ಹೋದಮೇಲೆ, ಊರು ಬಾಗಿಲು ಹಾಕಿದ ಮೇಲೆ ದಿನಾ ಹೀಗೆ. ಗುಟ್ಟು ತಿಳಿದ ಮೇಲೆ ಹೆದರಿಕೆ ಹೋಗಬೇಕು, ಅಲ್ಲವೇ? ನನಗೆ ಆಗಲೇ ಹೆಚ್ಚು ಹೆದರಿಕೆಯಾಯಿತು, ಯಾಕೆಂದರೆ ಆಕೆ ಯಾರೊಂದಿಗೋ ಮಾತಾಡುತ್ತಿದ್ದಳು. ಇಲ್ಲಿ ತಗ್ಗಿದೆ ಸಾವಕಾಶ, ಇಲ್ಲಿ ಕಲ್ಲಿದೆ ನೋಡಿಕೊಂಡು ಬಾ ಎಂದು, ಹೊಸದಾಗಿ ನಡೆಯಲು ಕಲಿತ ಕೂಸಿಗೆ ಹೇಳುವ ಹಾಗೆ.

ನನ್ನನ್ನು ನೋಡಿ ಬೆಚ್ಚಲಿಲ್ಲ. ಜಾಲಿಯ ನೆರಳಿನಲ್ಲಿ ಕೂತಳು, ನನಗೂ ಕೂರಲು ಹೇಳಿದಳು. ಸೊಂಟದ ಮೇಲೆ ಹಗ್ಗ ಉಜ್ಜಿ ಸೀರೆ ಹರಿದಿತ್ತು.

“ನಿಂತ ಕಬ್ಬಣಕ್ಕ ತುಕ್ಕ ಹತ್ತತೈತ್ರಿ ಮಾಸ್ತರ. ಇದು ತಿರುಗ್ಯಾಡಿದ್ರ ಅಂವ ಎಲ್ಲೆರ ತಿರುಗ್ಯಾಡಾಕ ಹತ್ತಿರ್ತಾನ. ನಾ ನಿಂತ್ನೆಂದ್ರ ಅಲ್ಲಿ ಅಂವ ನಿಂತಗೊಂಡ.”

ಊರಿಗೆ ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು, ನನ್ನ ಮದುವೆಯಾಗುತ್ತಿತ್ತು. ಹಾಗೆ ಯೋಚಿಸಿದ್ದೂ ಹೌದು. ಗೌರವ್ವ ಏಳಲು ಹೋದಳು, ಆಗಲಿಲ್ಲ. ಎರಡನೇ ಸಲ ಜಾಲಿಯ ಬೊಡ್ಡೆ ಹಿಡಿದು ಎದ್ದಳು. ಊರು ದೂರವಿತ್ತು. ನಾನು ಆಕೆಯ ಸೊಂಟದ ಹಗ್ಗ ಬಿಚ್ಚಿಸಿ ನನ್ನ ಹೆಗಲಿಗೆ ಹಾಕಿಕೊಂಡೆ, ಬದನೆಕಾಯಿಯ ಚೀಲ ಆಕೆಯ ಕೈಗೆ ಕೊಟ್ಟೆ. ಹೊತ್ತುಕೊಂಡು ಹೋಗಬಹುದಿತ್ತು, ಹೊರುವುದು ಬೇಡ, ನಡೆಯಲಿ ಎಂದಳು. ಎಳೆದೆ. ನಾನು ಮದುವೆಯಾಗಬೇಕಾದವಳ ಗಂಡನನ್ನು ಬದುಕಿಸಿಡಲು ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಎತ್ತಿನ ಹಾಗೆ ಎಳೆದೆ. ನಗು ಬಂದರೆ ನಗಿರಿ, ನನಗೂ ಈಗ ಬರುತ್ತದೆ. ಆಗ ಬಂದಿರಲಿಲ್ಲ. ಹಿಂದಿನ ಭಾರ ಒಮ್ಮೊಮ್ಮೆ ಹಗುರಾಗುತ್ತಿತ್ತು, ಯಾರೋ ಕೈ ಕೊಟ್ಟ ಹಾಗೆ. ಇಳಿಜಾರಿರಬೇಕೆಂದು ತಿಳಿದು ನಾನು ತಿರುಗಿ ನೋಡಲಿಲ್ಲ.

ಊರ ಹತ್ತಿರ ಬಂದಾಗ ಗೌರವ್ವ ಕೇಳಿದಳು, ಇದಕ್ಕೆ ತುಕ್ಕು ಹತ್ತಿದರೆ ನಿಮಗೆ ಚಲೋ ಆಗುತ್ತಿತ್ತಲ್ಲ, ಮತ್ತೆ ಯಾಕೆ ಎಳೆದಿರಿ ಎಂದು. ನೀವು ದಣಿದಿದ್ದಿರಿ ಎಂದೆ. ಆಕೆ ನನ್ನ ಮುಖ ನೋಡಿ ಹಗ್ಗ ಇಸಿದುಕೊಂಡಳು. ಯಾರಿಗೂ ಹೇಳಬೇಡಿ ಎನ್ನಲಿಲ್ಲ.

ಆಮೇಲೆ ಕೆಲವು ದಿನಕ್ಕೆ ಮಳೆಗಾಲದ ಮೊದಲ ಮಳೆ, ಮಿರಗದ ಮಳೆ ಹತ್ತಿತು. ಸಂಜೆಯ ಹೊತ್ತು, ಹನಿ ದಪ್ಪಗೆ ಬೀಳುತ್ತಿದ್ದಾಗ ನೀಲವ್ವ ಅಂಗಳದಲ್ಲಿ ಒಣಹಾಕಿದ ಕುಳ್ಳು ತರಲು ಓಡಿದವಳು ಅಲ್ಲೇ ನಿಂತುಬಿಟ್ಟಳು. ಕೊಂಡಿ ಅಂಗಳದ ನಡುವೆ ಬಿದ್ದಿತ್ತು. ಅತ್ತೆ ಬೈದಾಳೆಂದು ಎತ್ತಿಕೊಳ್ಳಲು ಬಾಗಿದಳು. ಬಾಗಿಲಲ್ಲಿ ಕೂತಿದ್ದ ಗೌರವ್ವ ತಡೆದಳು.

“ಇರ್ಲಿ ಬಿಡವಾ. ತೊಯ್ಲಿ. ಭಾಳ ದಣದಾನ ಅಂವ.”

ನೀಲವ್ವ ಮಳೆಯಲ್ಲೇ ಕೂತು ಅತ್ತಳು. ಅಷ್ಟು ವರ್ಷದಲ್ಲಿ ಅವಳು ಗಂಡನಿಗಾಗಿ ಗಟ್ಟಿಯಾಗಿ ಅತ್ತದ್ದು ಅದೇ ಮೊದಲು. ನಾನು ಖೋಲಿಯ ಬಾಗಿಲು ಹಾಕಿಕೊಂಡೆ. ಎಂಟು ದಿನದಲ್ಲಿ ಹೊಳೆಯುತ್ತಿದ್ದ ಮೈಯೆಲ್ಲ ಅರಿಶಿನಕ್ಕೆ ಸುಣ್ಣ ಬಿದ್ದಂಥ ಕೆಂಪಾಯಿತು, ಆಮೇಲೆ ಕಂದಾಯಿತು. ಗೌರವ್ವ ಜಂಗಮರನ್ನು ಕರೆಸಿ, ಮನುಷ್ಯರಿಗೆ ಮಾಡುವ ಹಾಗೆಯೇ ವಿಭೂತಿ, ಪತ್ರಿ, ಉಪ್ಪು ಹಾಕಿ ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿಸಿದಳು. ಶ್ರಾವಣದಲ್ಲಿ ತಾನೇ ನಿಂತು ಸೊಸೆಗೆ ಸೀರೆ ಉಡಿಸಿದಳು. ಕೊಟ್ಟ ಮಾತಿಗೆ ತಪ್ಪಲಿಲ್ಲ.

ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು, ಮಗಳು ಹುಟ್ಟಿದಳು, ಗೌರವ್ವ ತೀರಿಕೊಂಡಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಸಲ ಗೌರವ್ವನ ಕಿರಿಯ ಮಗ, ನೀಲವ್ವನ ಹಳೆಯ ಮೈದುನ, ಹೇಳಿ ಕಳಿಸಿದ. ಬದು ಒಡೆದು ಟ್ರ್ಯಾಕ್ಟರಿನಲ್ಲಿ ಹೊಲ ಹೊಡೆಸುವಾಗ ಕೊಂಡಿ ಮೇಲೆ ಬಂದಿತ್ತು. ಹೋಗಿ ನೋಡಿದೆವು. ಉಪ್ಪು ತಿಂದು ಪಕ್ಕಗಳು ಪದರ ಪದರವಾಗಿ ಏಳುತ್ತಿದ್ದವು, ಕೈಯಲ್ಲಿ ಉದುರುತ್ತಿದ್ದವು. ಒಂದು ಮೈ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಟ್ರ್ಯಾಕ್ಟರಿನ ಕುಳ ಉಜ್ಜಿದ್ದಕ್ಕೆ ಹಾಗಾಗಿದೆ ಎಂದ ಮೈದುನ. ಹೌದು, ಹಾಗೇ ಇರಬೇಕು. ಮತ್ತೆ ಮುಚ್ಚಿಸಿ ಬಂದೆವು. ಬಸ್ಸಿನಲ್ಲಿ ನೀಲವ್ವ ಸವದತ್ತಿಯ ಗುಡ್ಡ ಮರೆಯಾಗುವವರೆಗೂ ನನ್ನ ಕೈ ಬಿಡಲಿಲ್ಲ. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಆದರೆ ಮಧ್ಯಾಹ್ನದ ಹೊತ್ತು ಬಾಗಿಲು ಸಪ್ಪಳವಾದರೆ ನಾನೇ ಹೋಗಿ ತೆಗೆಯುತ್ತೇನೆ, ಅವಳು ಏಳುವುದಿಲ್ಲ. ಇಷ್ಟು ವರ್ಷ ಹಾಗೇ ನಡೆದುಬಂದಿದೆ.

ಆ ರವಿವಾರ ಅಳಿಯ ನಾನು ಹೇಳಿದ ಹಾಗೆಯೇ ಪಟ್ಟಾಕ್ಕೆ ಬೆಳ್ಳಿ ಬಣ್ಣ ಹಚ್ಚಿ ಮುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಚೆನ್ನಾಗಿ ಬಂದಿತ್ತು. ಈಗ ತಾನೇ ಎಲ್ಲಿಂದಲೋ ಬಂದು ನಿಂತ ಹಾಗಿತ್ತು. ನೀಲವ್ವ ಚಹಾ ತಂದವಳು ಅದನ್ನು ನೋಡಿದಳು. ಕಪ್ಪುಗಳನ್ನು ನೆಲದ ಮೇಲಿಟ್ಟು, ಪೇಪರಿನ ಅಂಚಿನಲ್ಲಿ ಕೂತು, ಅಳಿಯನ ಕೈಯಿಂದ ಟ್ಯಾಂಕು ತೆಗೆದುಕೊಂಡಳು. ಬಾಟಲಿಗಳಲ್ಲಿ ಹುಡುಕಿ ಕಂದು ಬಣ್ಣ ಆರಿಸಿದಳು, ಅದಕ್ಕೆ ಒಂದು ಹನಿ ಕೆಂಪು ಸೇರಿಸಿದಳು. ಸಣ್ಣ ಕುಂಚದಿಂದ ಒಂದೊಂದೇ ಕೊಂಡಿಯ ಬೆಳ್ಳಿಯನ್ನು ಮುಚ್ಚುತ್ತ ಬಂದಳು. ಅಳಿಯ ಏನೋ ಹೇಳಲು ಹೋದ, ನಾನು ಕಣ್ಣಿನಲ್ಲೇ ಬೇಡವೆಂದೆ. ಚಹಾ ಆರಿತು. ಒಂದು ಕೊಂಡಿಯನ್ನೂ ಬಿಡಲಿಲ್ಲ. ಮುಗಿದ ಮೇಲೆ ಟ್ಯಾಂಕನ್ನು ಪೇಪರಿನ ಮೇಲಿಟ್ಟು ನನ್ನ ಕಡೆ ನೋಡಿದಳು.

“ಇನ್ನ ಬರಂಗಿಲ್ಲ ತಗೋರಿ,” ಎಂದಳು.

ಯಾರು ಅತ್ತಿ ಎಂದು ಅಳಿಯ ಕೇಳಿದ. ಯಾರೂ ಇಲ್ಲ ಎಂದು ಹೇಳಿ, ಚಹಾ ಬಿಸಿ ಮಾಡಲು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗಿನ ಬಾಗಿಲನ್ನು ಯಾರೋ ತಟ್ಟಿದರು. ಅಭ್ಯಾಸದಂತೆ ನಾನು ಎದ್ದೆ. ಅಷ್ಟರಲ್ಲಿ ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನು ದಾಟಿ ಹೋಗಿ ಬಾಗಿಲು ತೆಗೆದಳು.